ಶೇಷ ತೋರುವ ದಾರಿ

ಒಂದೂರಿನಿಂದ ಇನ್ನೊಂದೂರಿಗೆ ಒಂದೇ ಉದ್ದದ ನಾಲ್ಕು ರಸ್ತೆಗಳಿವೆ ಎಂದುಕೊಳ್ಳಿ. ಮದುವೆಯ ದಿಬ್ಬಣ ಹೊರಟಿದೆ. ಸರದಿಯಂತೆ ಒಂದೊಂದು ರಸ್ತೆಗೆ ಒಂದೊಂದು ಗಾಡಿ ಕಳುಹಿಸಿದರೆ ರಸ್ತೆಗಳಿಗೇನೋ ಸಮಪಾಲು. ಆದರೆ ಓಲಗದವರು ಮಂಟಪ ಸೇರಿದಾಗ ವರ ಇನ್ನೂ ದಾರಿಯಲ್ಲೇ ಇದ್ದರೆ?

ಗಣಕಯಂತ್ರಗಳ ಜಾಲದಲ್ಲಿ ರೌಟರ್ ಎದುರಿಸುವ ತೊಡಕು ಇದೇ. ಸಂದೇಶಗಳು ಚಿಕ್ಕ ಚಿಕ್ಕ ಪ್ಯಾಕೆಟ್ಟುಗಳಾಗಿ ಸಾಗುತ್ತವೆ. ಅವು ಹಿಂದುಮುಂದಾದರೂ ಕೊನೆಗೆ ಜೋಡಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಜೋಡಿಸಬಹುದು, ಆದರೆ ಬೆಲೆ ತೆರಬೇಕು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೇವಲ 400 ಗಜ ದೂರದ ಎರಡು ತಾಣಗಳ ನಡುವೆ, ಸೆಕೆಂಡಿಗೆ 32,000 ಬಿಟ್‌ಗಳಿದ್ದ ವೇಗ ದಟ್ಟಣೆಯಿಂದ 40 ಬಿಟ್‌ಗೆ ಕುಸಿಯಿತು. ಇದನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪರಿಹಾರ ಪ್ರಕಟಿಸಿದರು: ಪ್ಯಾಕೆಟ್ ಕಳೆದುಹೋದ ಸುಳಿವು ಸಿಕ್ಕೊಡನೆ ಕಳುಹಿಸುವವನು ವೇಗ ತಗ್ಗಿಸಬೇಕು. ಆದರೆ ತಡವಾಗಿ ಬಂದ ಪ್ಯಾಕೆಟ್ಟೂ ಕಳೆದುಹೋದಂತೆಯೇ ಕಾಣುತ್ತದೆ! ಸುಮ್ಮಸುಮ್ಮನೆ ವೇಗ ಇಳಿಯುತ್ತದೆ. ಆದ್ದರಿಂದ ಒಂದು ಸಂವಾದದ ಪ್ಯಾಕೆಟ್ಟುಗಳೆಲ್ಲ ಒಂದೇ ದಾರಿ ಹಿಡಿಯಬೇಕು.

ಲಕ್ಷಾಂತರ ಸಂವಾದಗಳಲ್ಲಿ ಯಾವುದು ಯಾವ ದಾರಿಯದೆಂದು ನೆನಪಿಡುವುದು ಹೇಗೆ? ನೆನಪಿಡುವುದೇ ಬೇಡ ಎಂಬ ಉತ್ತರ ಬಹಳ ಹಿಂದೆಯೇ, ಬೇರೊಂದು ಕೆಲಸಕ್ಕಾಗಿ ಹುಟ್ಟಿತ್ತು. 1953ರ ಜನವರಿಯಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್, ಮಾಹಿತಿಯನ್ನು ಬೇಗ ಹುಡುಕಲು ಹ್ಯಾಶಿಂಗ್ ವಿಧಾನವನ್ನು ಆಂತರಿಕ ಟಿಪ್ಪಣಿಯೊಂದರಲ್ಲಿ ಸೂಚಿಸಿದ್ದರು. (ಕ್ರೆಡಿಟ್ ಕಾರ್ಡಿನ ಕೊನೆಯ ಅಂಕಿಯಿಂದ ತಪ್ಪು ಹಿಡಿಯುವ ಲೆಕ್ಕವೂ ಇವರದೇ.) 1956ರಲ್ಲಿ ಆರ್ನಾಲ್ಡ್ ಡೂಮಿ, ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನೇ ವಿಳಾಸವಾಗಿ ಬಳಸಬಹುದೆಂದು ಬರೆದರು.

ರೌಟರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕಳುಹಿಸುವವನ ಮತ್ತು ಪಡೆಯುವವನ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ನಿಯಮದ ಗುರುತು, ಇಷ್ಟನ್ನೂ ಅರೆದು ಒಂದು ಸಂಖ್ಯೆ ಮಾಡುತ್ತದೆ. ಅದು 2,347 ಆಯಿತೆನ್ನಿ. 4ರಿಂದ ಭಾಗಿಸಿದರೆ ಶೇಷ 3. ಹಾಗಾದರೆ 3ನೆಯ ಕೊಂಡಿ. ಆ ಸಂವಾದದ ಎಲ್ಲ ಪ್ಯಾಕೆಟ್ಟಿಗೂ ಇದೇ ಉತ್ತರ ಬರುವುದರಿಂದ ಪಟ್ಟಿಯ ಗೊಡವೆಯಿಲ್ಲ.

ಐದನೆಯ ಕೊಂಡಿ ಸೇರಿಸಿದಾಗ ಮಾತ್ರ ಫಜೀತಿ. ನೀವೇ ಲೆಕ್ಕ ಹಾಕಿ: 0ಯಿಂದ 19ರವರೆಗಿನ ಸಂಖ್ಯೆಗಳಲ್ಲಿ 4ರಿಂದಲೂ 5ರಿಂದಲೂ ಒಂದೇ ಶೇಷ ಕೊಡುವವು ನಾಲ್ಕೇ. ಅಂದರೆ ನೂರಕ್ಕೆ 80 ಸಂವಾದಗಳು ನಡುದಾರಿಯಲ್ಲಿ ರಸ್ತೆ ಬದಲಿಸುತ್ತವೆ. ಡೇವ್ ಥೇಲರ್ ಮತ್ತು ಚಿನ್ಯ ರವಿಶಂಕರ್ 1998ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಮದ್ದಾಯಿತು. ಪ್ರತಿ ಸಂವಾದವೂ ಪ್ರತಿ ಕೊಂಡಿಗೆ ಹ್ಯಾಶ್ ಮೂಲಕ ಅಂಕ ಕೊಡುತ್ತದೆ, ಹೆಚ್ಚು ಅಂಕದ ಕೊಂಡಿ ಗೆಲ್ಲುತ್ತದೆ. ಹೊಸ ಕೊಂಡಿ ಬಂದರೆ ಅದು ಗೆದ್ದವು ಮಾತ್ರ, ಸುಮಾರು ನೂರಕ್ಕೆ 20, ಕದಲುತ್ತವೆ. ಪರೀಕ್ಷೆಯಂತೆಯೇ: ತರಗತಿಗೆ ಹೊಸಬ ಬಂದರೆ ಹಳಬರ ಅಂಕಗಳು ಬದಲಾಗುವುದಿಲ್ಲ. ಲೆಕ್ಕ ಹೆಚ್ಚಾದರೂ ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ಸೊಗಸಾದ ಘಟ್ಟ. 2000ದ ನವೆಂಬರ್‌ನಲ್ಲಿ ಥೇಲರ್ ಮತ್ತು ಕ್ರಿಶ್ಚಿಯನ್ ಹಾಪ್ಸ್ ಅಂತರಜಾಲದ ದಾಖಲೆಯಾಗಿ ಬರೆದ ಆರ್‌ಎಫ್‌ಸಿ 2991ರಲ್ಲಿ ಈ ವಿಧಾನಗಳ ತುಲನೆಯಿದೆ.

ಇನ್ನೊಂದು ಎಡವಟ್ಟೂ ಇತ್ತು. ಸಾಲಾಗಿ ನಿಂತ ರೌಟರುಗಳೆಲ್ಲ ಒಂದೇ ಲೆಕ್ಕ ಹಾಕಿದರೆ, ಮೊದಲನೆಯದು ಎಡಕ್ಕೆ ಕಳಿಸಿದ್ದನ್ನೆಲ್ಲ ಎರಡನೆಯದೂ ಎಡಕ್ಕೇ ಕಳಿಸುತ್ತದೆ. ಬಲಗಡೆಯ ಕೊಂಡಿ ಬಣಬಣ. ಅದಕ್ಕೇ ಪ್ರತಿ ರೌಟರಿನ ಲೆಕ್ಕಕ್ಕೂ ಅದರದೇ ಬೇರೊಂದು ಸಂಖ್ಯೆ ಬೆರೆಸುತ್ತಾರೆ.

ಪೂರ್ತಿ ಬಗೆಹರಿಯದ್ದೂ ಒಂದಿದೆ, ದೂರದರ್ಶನದವರಾದ ನಮಗೆ ತಾಗುವುದು ಅದೇ. ಒಂದು ಗಂಟೆಯ ಕಾರ್ಯಕ್ರಮವನ್ನು ಒಂದೇ ಸಂವಾದವಾಗಿ ಕಳುಹಿಸಿದರೆ ಅದು ಒಂದೇ ಕೊಂಡಿಯಲ್ಲಿ ಆನೆಯಂತೆ ನಡೆಯುತ್ತದೆ, ಪಕ್ಕದ ಮೂರು ಖಾಲಿಯಿದ್ದರೂ ಸರಿ. ಅದೇ ಕೊಂಡಿಗೆ ಬಿದ್ದ ನಿಮ್ಮ ಪುಟ್ಟ ಸಂದೇಶ ಆನೆಯ ಹಿಂದೆ ಕಾಯಬೇಕು.