ವಲಸೆ (ಮಾನವ ಭೂಗೋಳ)

ಜನರು ತಮ್ಮ ವಾಸವನ್ನು ಒಂದು ಗಡಿಯಾಚೆಗೆ, ಗಣನೀಯ ಅವಧಿಗೆ, ಬದಲಿಸಿಕೊಳ್ಳುವುದೇ ವಲಸೆ. ಯಾವ ಗಡಿ, ಎಷ್ಟು ಅವಧಿ ಎಂಬುದನ್ನು ಲೆಕ್ಕ ಹಾಕುವವರು ನಿರ್ಧರಿಸುತ್ತಾರೆ. ಬೇರೆ ದೇಶಕ್ಕೆ ಹೋಗಿ ಕನಿಷ್ಠ 12 ತಿಂಗಳು ನೆಲೆಸಿದವರನ್ನು ವಿಶ್ವಸಂಸ್ಥೆ ದೀರ್ಘಾವಧಿಯ ಅಂತರರಾಷ್ಟ್ರೀಯ ವಲಸಿಗರೆನ್ನುತ್ತದೆ. 2020ರಲ್ಲಿ ಹುಟ್ಟಿದ ದೇಶದ ಹೊರಗೆ ನೆಲೆಸಿದ್ದವರು ಸುಮಾರು 28 ಕೋಟಿ, ಅಂದರೆ ಜಗತ್ತಿನ ಜನಸಂಖ್ಯೆಯ ಶೇ 3.6ರಷ್ಟು. ದೇಶಗಳ ಒಳಗಿನ ಚಲನೆ ಇದಕ್ಕಿಂತ ಬಹಳ ದೊಡ್ಡದು. ಭಾರತದ ಜನಗಣತಿ ಈಗಿರುವ ಊರನ್ನು ಈ ಹಿಂದೆ ವಾಸವಿದ್ದ ಊರಿನೊಂದಿಗೆ ಹೋಲಿಸಿ ವಲಸಿಗರನ್ನು ಗುರುತಿಸುತ್ತದೆ. ಆ ಅಳತೆಯಲ್ಲಿ 2011ರಲ್ಲಿ ಭಾರತವೊಂದರಲ್ಲೇ ಸುಮಾರು 45 ಕೋಟಿ ವಲಸಿಗರಿದ್ದರು. ಅವರಲ್ಲಿ ಮೂರನೆಯ ಎರಡು ಭಾಗ ಮಹಿಳೆಯರು. ಈ ಮಹಿಳೆಯರಲ್ಲಿ ಹೆಚ್ಚಿನವರು ಊರು ಬಿಟ್ಟದ್ದಕ್ಕೆ ಕೊಟ್ಟ ಕಾರಣ ಮದುವೆ. ತವರಿನಿಂದ ಪಕ್ಕದ ಹಳ್ಳಿಯ ಗಂಡನ ಮನೆಗೆ ಹೋದವಳೂ ಈ ಲೆಕ್ಕದಲ್ಲಿ ವಲಸಿಗಳೇ.

ವಲಸೆಗೂ ಕ್ರಮವಿದೆ ಎಂದು ಮೊದಲು ತೋರಿಸಿದವನು ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ, ಹಾಗಾಗಿ ತಾನೂ ವಲಸಿಗನೇ ಆಗಿದ್ದ, ನಕ್ಷಾಕಾರ ಅರ್ನ್ಸ್ಟ್ ಗಿಯಾರ್ಗ್ ರಾವೆನ್‌ಸ್ಟೈನ್. ಬ್ರಿಟನ್ನಿನ ಜನಗಣತಿಯ ಅಂಕಿಗಳನ್ನು ಆಧರಿಸಿ 1885ರಲ್ಲಿ, ಬೇರೆ ದೇಶಗಳ ಅಂಕಿಗಳನ್ನೂ ಸೇರಿಸಿ 1889ರಲ್ಲಿ ಅವನು ವಲಸೆಯ ನಿಯಮಗಳನ್ನು ಪ್ರಕಟಿಸಿದ. ಹೆಚ್ಚಿನವರು ಹತ್ತಿರಕ್ಕೇ ಹೋಗುತ್ತಾರೆ. ದೂರ ಹೋಗುವವರು ವ್ಯಾಪಾರ, ಕೈಗಾರಿಕೆಗಳ ದೊಡ್ಡ ನಗರಗಳನ್ನು ಹುಡುಕುತ್ತಾರೆ. ಹತ್ತಿರದ ವಲಸೆಯಲ್ಲಿ ಹೆಂಗಸರೇ ಹೆಚ್ಚು. ಪ್ರತಿಯೊಂದು ಹರಿವಿಗೂ ಒಂದು ಹಿಮ್ಮುಖ ಹರಿವಿರುತ್ತದೆ. ಈ ಕೊನೆಯ ಮಾತಿನಿಂದಲೇ ನಿವ್ವಳ ವಲಸೆ, ಅಂದರೆ ಬಂದವರಿಂದ ಹೋದವರನ್ನು ಕಳೆದ ಸಂಖ್ಯೆ, ಎಷ್ಟನ್ನು ಮುಚ್ಚಿಡಬಲ್ಲದೆಂದು ತಿಳಿಯುತ್ತದೆ. ಲಕ್ಷ ಜನ ಬಂದು ಲಕ್ಷ ಜನ ಹೋದ ಊರಿನ ನಿವ್ವಳ ವಲಸೆ ಸೊನ್ನೆ.

ದೂರವೊಂದೇ ಜನರನ್ನು ತಡೆಯುವುದಿಲ್ಲ ಎಂದು 1940ರಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ವಾದಿಸಿದ: ದಾರಿಯ ನಡುವೆಯೇ ಕೆಲಸ ಸಿಕ್ಕರೆ ಮುಂದೆ ಹೋಗುವವರು ಕಡಿಮೆಯಾಗುತ್ತಾರೆ. 1966ರಲ್ಲಿ ಎವೆರೆಟ್ ಲೀ ಈ ವಿಚಾರಗಳಿಗೆಲ್ಲ ಒಂದು ಚೌಕಟ್ಟು ಕಟ್ಟಿದ. ಬಿಡುವ ಊರಿನ ತಳ್ಳುವ ಅಂಶಗಳು, ಸೇರುವ ಊರಿನ ಸೆಳೆಯುವ ಅಂಶಗಳು, ನಡುವಿನ ಅಡೆತಡೆಗಳು, ವ್ಯಕ್ತಿಯ ಸ್ವಂತ ಪರಿಸ್ಥಿತಿ, ಈ ನಾಲ್ಕೂ ಅದರಲ್ಲಿವೆ. ಪಠ್ಯಪುಸ್ತಕಗಳು ಮೊದಲ ಎರಡನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ಮರೆತಿರುವುದು ಸರಿಯಲ್ಲ. ಒಂದೇ ಬರಕ್ಕೆ ಸಿಕ್ಕಿದ ಎರಡು ಮನೆಗಳಲ್ಲಿ ಒಂದು ಹೊರಟು ಇನ್ನೊಂದು ಉಳಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಕೊನೆಯ ಎರಡರಲ್ಲಿ.

ಮೊದಲು ಹೋದವರು ಹಿಂದಿನವರನ್ನು ಕರೆಸಿಕೊಳ್ಳುವುದನ್ನು ಸರಪಳಿ ವಲಸೆ ಎನ್ನುತ್ತಾರೆ. ಕರಾವಳಿಯಿಂದ ಮುಂಬಯಿಗೆ ಹೋದ ಹೋಟೆಲಿನವರ ಕಥೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಉಡುಪಿ, ದಕ್ಷಿಣ ಕನ್ನಡದ ಹುಡುಗರು ನೆಂಟರೊಬ್ಬರ, ಊರಿನವರೊಬ್ಬರ ಹೋಟೆಲನ್ನೇ ನಂಬಿ ಹೊರಟರು. ಅಲ್ಲೇ ಊಟ, ಅಲ್ಲೇ ಮಲಗುವುದು. ಹಗಲು ಕೆಲಸ ಮಾಡಿ ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು ಹಲವರು. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕ್ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಪರಂಪರೆಯ ಹೆಸರಾಂತ ಕುರುಹು. ಗುರುತಿನವರೊಬ್ಬರು ಅಲ್ಲಿದ್ದರೆ ದೂರದ ನಗರವೂ ಹತ್ತಿರವಾಗುತ್ತದೆ. ಕಿಲೋಮೀಟರಿನ ಲೆಕ್ಕ ಅಲ್ಲಿ ಸೋಲುತ್ತದೆ.

ಇಚ್ಛೆಯ ವಲಸೆ, ಬಲವಂತದ ವಲಸೆ ಎಂಬ ವಿಂಗಡಣೆ ಕಾನೂನಿಗೆ ಬೇಕೇ ಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಅಥವಾ ಒಂದು ಸಾಮಾಜಿಕ ಗುಂಪಿಗೆ ಸೇರಿದ ಕಾರಣಕ್ಕೆ ಕಿರುಕುಳದ ಭಯದಿಂದ ದೇಶ ಬಿಟ್ಟವರನ್ನು ವಿಶ್ವಸಂಸ್ಥೆಯ 1951ರ ಒಡಂಬಡಿಕೆ ನಿರಾಶ್ರಿತರೆಂದು ಗುರುತಿಸುತ್ತದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೂ ಟಿಬೆಟಿನಿಂದ ಬಂದವರಿಗೆ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ನೆಲೆ ಸಿಕ್ಕಿತು. ದೇಶದೊಳಗೇ ಮನೆ ಕಳೆದುಕೊಂಡವರು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ತೋಟ ಬಿಟ್ಟೆದ್ದವರನ್ನು ಮಲೆನಾಡು ಇಂದಿಗೂ ಮುಳುಗಡೆಯವರು ಎಂದೇ ಕರೆಯುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗ ಸಿಲುಕಿದ ಮೇಲೆ ಅಲ್ಲಿಯವರಿಗಾಗಿ ನವನಗರ ಎದ್ದಿತು.

ಬಲವಂತಕ್ಕೂ ಇಚ್ಛೆಗೂ ನಡುವೆ ನಿಂತಿರುವ ವಲಸೆಗೆ ಕನ್ನಡದಲ್ಲಿ ಬೇರೆಯೇ ಪದವಿದೆ: ಗುಳೆ. ಬೆಳೆ ಕೈಕೊಟ್ಟಾಗ, ಸುಗ್ಗಿ ಮುಗಿದು ಕೂಲಿ ನಿಂತಾಗ, ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಹಳ್ಳಿಗಳಿಂದ ಸಂಸಾರಗಳು ಪಾತ್ರೆ, ಹಾಸಿಗೆ, ಮಕ್ಕಳೊಡನೆ ಬೆಂಗಳೂರು, ಪುಣೆ, ಮುಂಬಯಿ, ಗೋವಾಕ್ಕೆ ಹೊರಡುತ್ತವೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ, ಮಕ್ಕಳ ಶಾಲೆ ನಡುವೆ ನಿಲ್ಲುತ್ತದೆ, ಮುಂಗಾರಿಗೆ ಮತ್ತೆ ಊರು. ಮೇಸ್ತ್ರಿ ಕೊಟ್ಟ ಮುಂಗಡ ತೀರುವವರೆಗೆ ಕೆಲಸ ಬಿಡುವಂತಿಲ್ಲದವರನ್ನು ಸ್ವಂತ ಇಚ್ಛೆಯಿಂದ ಹೋದವರೆಂದು ಬರೆಯುವುದು ಅನ್ಯಾಯ. ಗುಳೆಯ ನಕ್ಷೆಯನ್ನು ಬರೆಯುವುದು ನೀರು. ಅದೇ ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಸಿಂಧನೂರಿನ ಭತ್ತದ ಗದ್ದೆಗಳಿಗೆ ಹೊರಗಿನ ಕೂಲಿಗಳು ಬರುತ್ತಾರೆ. ಮಳೆಯನ್ನೇ ನಂಬಿದ ಹಳ್ಳಿಗಳಿಂದ ಜನ ಹೋಗುತ್ತಾರೆ.

ಹುಟ್ಟು ಸಾವುಗಳ ಪ್ರಮಾಣ ಇಳಿಯುತ್ತ ಹೋದಂತೆ ವಲಸೆಯ ಸ್ವರೂಪವೂ ಹಂತಹಂತವಾಗಿ ಬದಲಾಗುತ್ತದೆ ಎಂದು 1971ರಲ್ಲಿ ವಿಲ್ಬರ್ ಝೆಲಿನ್‌ಸ್ಕಿ ಊಹಿಸಿದ. ಯುರೋಪಿನ ಅನುಭವಕ್ಕೆ ಹೊಂದುವ ಈ ಊಹೆಗೆ ವರ್ಷವರ್ಷವೂ ಹೋಗಿ ಬರುವ ಗುಳೆ ಅಷ್ಟಾಗಿ ಒಗ್ಗುವುದಿಲ್ಲ.

ಲೆಕ್ಕಕ್ಕೂ ಗುಳೆ ಸುಲಭವಾಗಿ ಸಿಗುವುದಿಲ್ಲ. 2007-08ರ ರಾಷ್ಟ್ರೀಯ ಮಾದರಿ ಸಮೀಕ್ಷೆ, ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಿಮೆಯಿಲ್ಲದೆ ಆರು ತಿಂಗಳೊಳಗೆ ಊರಿನ ಹೊರಗಿದ್ದವರನ್ನು ಅಲ್ಪಾವಧಿ ವಲಸಿಗರೆಂದು ಬೇರೆಯಾಗಿ ಎಣಿಸಿತು. ಜನಗಣತಿಯಲ್ಲಿ ಅಂಥ ವಿಂಗಡಣೆಯಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಇದ್ದೂ, 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಯಾವ ನಗರದಲ್ಲಿ ಎಷ್ಟು ವಲಸೆ ಕಾರ್ಮಿಕರಿದ್ದಾರೆಂಬ ನಂಬಬಹುದಾದ ಲೆಕ್ಕ ಸರ್ಕಾರಗಳ ಬಳಿ ಇರಲಿಲ್ಲ. ಅವರು ಹೆದ್ದಾರಿಗಳಲ್ಲಿ ನಡೆದು ಹೊರಟಾಗಲೇ ದೇಶದ ಕಣ್ಣಿಗೆ ಬಿದ್ದರು. ಮುಂದಿನ ಜನಗಣತಿಗೆ ನಿಗದಿಯಾಗಿರುವ ಆಧಾರ ದಿನ 2027ರ ಮಾರ್ಚ್ 1. ಅದು ಗುಳೆಯ ಕಾಲ. ಗಣತಿದಾರರು ಬೀಗ ಹಾಕಿದ ಹಳ್ಳಿಮನೆಯ ಮುಂದಿನಿಂದ ಹಿಂತಿರುಗಿದರೆ ಸಾಲದು. ನಗರದ ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಿಗೂ ಹೋಗಿ ಅಲ್ಲಿರುವವರ ಹೆಸರು ಬರೆದುಕೊಳ್ಳಬೇಕು.