ಠ್ಯಾಕರೆ ಬಿದ್ದ ಮೇಲೆ

ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ಟೀವಿಯಲ್ಲಿ ಬಂದರೆ ನೇಸರಗಿಯ ನಮ್ಮ ಮನೆಯಲ್ಲಿ ಯಾರೂ ಚಾನೆಲ್ ಬದಲಿಸುವುದಿಲ್ಲ. ಠ್ಯಾಕರೆ ಉರುಳಿದಾಗ ಚಪ್ಪಾಳೆ ಬೀಳುತ್ತದೆ. ನಮ್ಮ ಮಾತೂ ಅಲ್ಲಿಗೇ ಮುಗಿಯುತ್ತದೆ. ಈ ಸಲ ಕಾಕಾ ಕೇಳಿದರು: “ಸೆರಿ ಸಿಕ್ಕ ಇಂಗ್ರೇಜರನ್ನ ರಾಣಿ ಏನ್ ಮಾಡಿದ್ಲಪಾ?”

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಠ್ಯಾಕರೆ ಕಿತ್ತೂರಲ್ಲಿ ಸತ್ತ. ಗುಂಡು ಹಾರಿಸಿದವನು ಅಮಟೂರ ಬಾಳಪ್ಪ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವನ ಸಹಾಯಕರಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ಎಲಿಯಟ್‌ಗೆ ಆಗ 21 ವರ್ಷ. ಚೆನ್ನಮ್ಮ ಇಬ್ಬರನ್ನೂ ಕೊಲ್ಲಿಸಲಿಲ್ಲ, ಡಿಸೆಂಬರಿನಲ್ಲಿ ಜೀವಂತ ಬಿಟ್ಟಳು. ಕೆಲವೇ ದಿನಗಳಲ್ಲಿ ಕಂಪನಿ ಸೇನೆ ಕೋಟೆ ಹಿಡಿಯಿತು. ಅವರನ್ನು ಬಿಟ್ಟವಳು ಮಾತ್ರ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು.

ಇದನ್ನೆಲ್ಲ ಹೇಳಿದರೆ ಇಂಗ್ರೇಜರ ಪರ ವಹಿಸಿದಂತೆ ಎಂದು ಎದುರುಮನೆಯವರು ತಕರಾರು ತೆಗೆದರು. ನನಗೆ ಹಾಗನ್ನಿಸುವುದಿಲ್ಲ. ಕೈಗೆ ಸಿಕ್ಕ ಶತ್ರುವನ್ನು ಉಳಿಸಿದ್ದು ರಾಣಿಯ ಲೆಕ್ಕಕ್ಕೆ ಸೇರಬೇಕಾದ ಸಂಗತಿ, ಇಂಗ್ರೇಜರದ್ದಲ್ಲ.

ಎಲಿಯಟ್ ಮುಂದೆ ಇದೇ ಸೀಮೆಯ ನೂರಾರು ಕನ್ನಡ ಶಾಸನಗಳ ನಕಲು ಮಾಡಿಸಿದ. ಚಾಲುಕ್ಯರ ಚರಿತ್ರೆ ಬರೆದವರಿಗೆ ಅವು ಒದಗಿಬಂದವು. ಅದನ್ನು ಕೇಳಿ ಕಾಕಾ ಅಂದರು, “ಹಂಗಾರ ಅದನ್ನೂ ಸಿನಿಮಾದಾಗ ಹಾಕಬೇಕಿತ್ತಲ್ಲ.”