ಕೊಪ್ಪಾ ಕಾನೂನು, ಕೊಪ್ಪಳದ ಮೊಬೈಲು

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಖಾತೆ ತೆರೆಯೋಕೆ 13 ವರ್ಷ ತುಂಬಿರಬೇಕು ಅಂತಾರಲ್ಲ, ಆ 13 ಎಲ್ಲಿಂದ ಬಂತು? ಅಮೆರಿಕದಲ್ಲಿ 1998ರಲ್ಲಿ ಆದ ‘ಕೊಪ್ಪಾ’ ಕಾನೂನಿನಿಂದ. (ಕೊಪ್ಪಳ ಅಲ್ರೀ, ಕೊಪ್ಪಾ!) 13ರ ಒಳಗಿನ ಮಕ್ಕಳ ಮಾಹಿತಿ ಸಂಗ್ರಹಿಸಬೇಕಾದರೆ ಮೊದಲು ತಂದೆತಾಯಿಯ ಒಪ್ಪಿಗೆ ತಗೋಬೇಕು ಅಂತ ಅದು ಹೇಳಿತು. ಆ ರಗಳೆಯೇ ಬೇಡವೆಂದು ದೊಡ್ಡ ಕಂಪನಿಗಳು ಅಷ್ಟು ಸಣ್ಣವರಿಗೆ ಬಾಗಿಲು ಮುಚ್ಚಿದವು. ಮಕ್ಕಳು ಹುಟ್ಟಿದ ವರ್ಷ ತಿದ್ದಿ ಒಳಗೆ ಹೋದರು.

ನಮ್ಮ ದೇಶದ ಕಾನೂನಿನಲ್ಲಿ ಗಡಿ 18. ಅದರ ಕಥೆ ಇಂಟರ್ನೆಟ್ಟಿಗಿಂತ ಬಹಳ ಹಳೇದು. ಕರಾರು ಮಾಡಿಕೊಳ್ಳೋಕೆ ಪ್ರಾಪ್ತ ವಯಸ್ಸು ಆಗಿರಬೇಕು ಎಂದದ್ದು 1872ರ ಕಾಯ್ದೆ. ಆ ವಯಸ್ಸು 18 ಎಂದದ್ದು 1875ರದ್ದು. ಕಲ್ಕತ್ತೆಯಲ್ಲಿ ಆಸ್ತಿ ಅಡವಿಟ್ಟು ಸಾಲ ತಗೊಂಡ ಧರ್ಮದಾಸ ಘೋಷ್ ಎಂಬ ಹುಡುಗನ ಮೊಕದ್ದಮೆಯಲ್ಲಿ, 1903ರಲ್ಲಿ ಪ್ರಿವಿ ಕೌನ್ಸಿಲ್, ಅಪ್ರಾಪ್ತರ ಕರಾರು ಮೂಲದಲ್ಲೇ ಅಸಿಂಧು ಅಂದಿತು. ಸಾಲ ಕೊಡುವವರಿಂದ ಮಕ್ಕಳ ಆಸ್ತಿ ಕಾಯುವ ಬೇಲಿ ಅದು. ಈಗ ಅದೇ ಬೇಲಿ ಮೊಬೈಲಿಗೂ ಬಂದಿದೆ.

ಬಂದ ದಾರಿ ನೋಡ್ರಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರ ಬೆನ್ನಿಗೆ, ಹಲವು ಕರಡುಗಳ ನಂತರ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18ರ ಒಳಗಿನವರ ಮಾಹಿತಿ ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಬೆನ್ನು ಹತ್ತುವ ಜಾಹೀರಾತು ಕೂಡದು. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. 2025ರ ನವೆಂಬರಿನಲ್ಲಿ ನಿಯಮಗಳು ಹೊರಬಿದ್ದವು. ಕಂಪನಿಗಳಿಗೆ ಒಂದೂವರೆ ವರ್ಷದ ಗಡುವು ಸಿಕ್ಕಿತು.

ಈ ನಡುವೆ, 2023ರ ಸೆಪ್ಟೆಂಬರಿನಲ್ಲಿ, ಎಕ್ಸ್ ಕಂಪನಿಯ ಮೇಲ್ಮನವಿ ಕೇಳುತ್ತಿದ್ದ ನಮ್ಮ ಹೈಕೋರ್ಟಿನ ಪೀಠ, ಮದ್ಯಕ್ಕೆ ಇರುವಂತೆ ಸೋಷಿಯಲ್ ಮೀಡಿಯಾಕ್ಕೂ ವಯಸ್ಸಿನ ಮಿತಿ ಇರಲಿ ಎಂದು ಬಾಯಿಮಾತಿನಲ್ಲಿ ಹೇಳಿತ್ತು. ಬಹಳ ಮಂದಿ ಪಾಲಕರು ತಲೆಯಾಡಿಸಿದರು. ಅವರ ಹೆದರಿಕೆ ಸುಳ್ಳಲ್ಲ.

ಆದರೆ ಅಮೆರಿಕದಲ್ಲಿ ಇಂಥ ಕಾನೂನುಗಳು ಕೋರ್ಟಿನಲ್ಲಿ ಎಡವಿವೆ. ಮಕ್ಕಳಿಗೆ ಹಿಂಸೆಯ ವಿಡಿಯೋ ಗೇಮ್ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು 2011ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು: ಓದುವ, ನೋಡುವ ಹಕ್ಕು ಮಕ್ಕಳಿಗೂ ಇದೆ, ತಂದೆತಾಯಿಯ ಹೆಸರಿನಲ್ಲಿ ಸರ್ಕಾರವೇ ಯಜಮಾನಿಕೆ ಮಾಡುವ ಹಾಗಿಲ್ಲ. ಇದೇ ವಾದ ಹಿಡಿದು ನೆಟ್‌ಚಾಯ್ಸ್ ಎಂಬ ಕಂಪನಿಗಳ ಸಂಘ, ಪಾಲಕರ ಒಪ್ಪಿಗೆ ಕೇಳುವ ಅರ್ಕಾನ್ಸಾ, ಓಹಿಯೋ ರಾಜ್ಯಗಳ ಕಾನೂನುಗಳನ್ನು 2025ರಲ್ಲಿ ಜಿಲ್ಲಾ ಮಟ್ಟದ ಫೆಡರಲ್ ಕೋರ್ಟುಗಳಲ್ಲಿ ತಡೆಯಿತು. ಮಿಸಿಸಿಪ್ಪಿಯದನ್ನು ಮಾತ್ರ ಸುಪ್ರೀಂ ಕೋರ್ಟು ಸದ್ಯಕ್ಕೆ ಜಾರಿಯಲ್ಲಿರಲು ಬಿಟ್ಟಿತು. ಸಂಘಕ್ಕೆ ಲಾಭದ ಚಿಂತೆ ಇರೋದು ನಿಜ. ಹಾಗಂತ ಅದು ಎತ್ತಿದ ಪ್ರಶ್ನೆ ಸುಳ್ಳಾಗೋದಿಲ್ಲ.

ಆ ಪ್ರಶ್ನೆ ನಮ್ಮ ಮುನಿರಾಬಾದ್ ಕಡೆ ಬೇರೆ ರೂಪದಲ್ಲಿ ಬರತೈತಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಸ್ಮಾರ್ಟ್‌ಫೋನು. ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಅವ್ವನಿಗೆ ಮೆಸೇಜ್ ಓದಿ ಹೇಳೋದು, ಓಟಿಪಿ ಹಾಕೋದು ಎಂಟನೇ ಕ್ಲಾಸಿನ ಮಗಳು. ನಿಯಮದ ಪ್ರಕಾರ ಪಾಲಕರ ವಯಸ್ಸು, ಗುರುತು ಖಾತ್ರಿಯಾಗಬೇಕು. ಕಂಪನಿ ಹತ್ತಿರ ಇರುವ ವಿವರದಿಂದ, ಅವರೇ ಕೊಡುವ ವಿವರದಿಂದ, ಇಲ್ಲಾ ಡಿಜಿಲಾಕರ್‌ನಂಥ ಕಡೆಯ ಟೋಕನ್‌ನಿಂದ. ಆ ಡಿಜಿಲಾಕರ್ ತೆಗೆದುಕೊಡುವವಳೂ ಮಗಳೇ. ಅಪ್ಪ ದುಡಿಯಾಕ ಬೆಂಗಳೂರಿಗೆ ಹೋಗಿದ್ದರಂತೂ ಕೇಳೋದೇ ಬೇಡ. ಇನ್ನು ಮಗಳ ಕೈಗೆ ಫೋನೇ ಕೊಡಬಾರದು ಅನ್ನುವ ಮನೆಯಲ್ಲಿ, ಅಣ್ಣನಿಗೆ ಸಿಗುವ ಒಪ್ಪಿಗೆ ಅವಳಿಗೆ ಸಿಕ್ಕೀತೇ?

ಆಧಾರ್ ವಿರುದ್ಧದ ಹೋರಾಟದಿಂದ ಹುಟ್ಟಿದ ಹಕ್ಕು ಸುತ್ತಿ ಬಳಸಿ ಗುರುತಿನ ಚೀಟಿ ತೋರಿಸುವಲ್ಲಿಗೇ ಬಂದು ನಿಂತಿದೆ. ಜಾಹೀರಾತಿನ ಮೇಲಿನ ನಿಷೇಧ ಒಳ್ಳೇದು, ಅದು ಕಂಪನಿಯ ಕೈ ಕಟ್ಟುತ್ತದೆ. ಒಪ್ಪಿಗೆಯ ಷರತ್ತು ಮಾತ್ರ ಭಾರವನ್ನು ಅವ್ವನ ತಲೆಗೆ ದಾಟಿಸುತ್ತದೆ. ನಾಳೆ ಈ ಕಾನೂನು ನಮ್ಮ ಕೋರ್ಟಿನ ಮೆಟ್ಟಿಲು ಹತ್ತಿದರೆ ಕಂಪನಿಗಳ ವಕೀಲರು ಬರ್ತಾರೆ, ಸರ್ಕಾರದವರೂ ಬರ್ತಾರೆ. ಅವ್ವನಿಗೆ ಓಟಿಪಿ ಓದಿ ಹೇಳುವ ಆ ಹುಡುಗಿಯ ಪರವಾಗಿ ಮಾತಾಡೋರು ಯಾರು?